ಬೆಟ್ಟ ಬಿಟ್ಟ ತೋಟದ ಲೆಕ್ಕ

ಯುರೋಪಿನ ವಿಶ್ವವಿದ್ಯಾಲಯಗಳಿಗೆ ರಜೆ ಬೀಳುವುದು ಜುಲೈ, ಆಗಸ್ಟ್‌ನಲ್ಲಿ. ಸುಸ್ಥಿರ ಅರಣ್ಯ, ಸುಸ್ಥಿರ ಕೃಷಿ ಎಂಬ ಹೆಸರಿನ ಅಂತರರಾಷ್ಟ್ರೀಯ ಬೇಸಿಗೆ ಶಾಲೆಗಳೂ ಹೆಚ್ಚಾಗಿ ಆಗಲೇ ನಡೆಯುತ್ತವೆ. ಹಲವು ದೇಶಗಳ ವಿದ್ಯಾರ್ಥಿಗಳು ಎರಡು-ಮೂರು ವಾರ ಒಂದೆಡೆ ಉಳಿದು, ಕಾಡು-ಹೊಲ ಸುತ್ತಿ, ವರದಿ ಬರೆದು, ಪ್ರಮಾಣಪತ್ರ ಪಡೆದು ಹೋಗುತ್ತಾರೆ. ಅಂಥದ್ದೊಂದು ಶಾಲೆ ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಲ್ಲಿ ಯಾಕಾಗಬಾರದು ಎಂದು ಕೇಳಿ ನೋಡಿ. ನಮ್ಮವರು ಬೇಡ ಎನ್ನುವುದಿಲ್ಲ, ಆ ಹೊತ್ತಿನಲ್ಲಿ ಬೇಡ ಎನ್ನುತ್ತಾರೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಒಂದರ ಹಿಂದೊಂದು ಹಿಡಿಯುವ ಕಾಲ ಅದು. ಜಿಲ್ಲೆಯ ಮಳೆಯ ಪಟ್ಟಿಯಲ್ಲಿ ಕೆರೆಕಟ್ಟೆಯ ಹೆಸರು ಮೇಲೆಯೇ ಇರುತ್ತದೆ. ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು, ಗುಡ್ಡ ಜರಿದರೆ ರಸ್ತೆಯೂ ಇಲ್ಲ, ಉಂಬಳದ ಕಾಟ ಬೇರೆ. ನವೆಂಬರ್‌ ಕಳೆಯಲಿ, ಆಗ ಬಂದರೆ ಎಲ್ಲ ಚೆನ್ನಾಗಿ ತೋರಿಸಬಹುದು.

ಅತಿಥಿಯ ಮೇಲಿನ ಪ್ರೀತಿಯಿಂದಲೇ ಬರುವ ಮಾತು ಇದು. ಆದರೂ ಒಪ್ಪಲಾರೆ. ಬರುವುದಾದರೆ ಜುಲೈನಲ್ಲೇ ಬರಲಿ. ನವೆಂಬರ್ ನಂತರ ಕಾಣುವ ಮಲೆನಾಡು ಪ್ರವಾಸಿಗರದು: ಅಂಗಳದಲ್ಲಿ ಒಣಗುವ ಕೆಂಪಡಿಕೆ, ಇಳಿಬಿಸಿಲು, ನೀರು ಇಳಿದ ತುಂಗೆ. ತೋಟದ ವರ್ಷ ಉಳಿಯುವುದೋ ಕೆಡುವುದೋ ನಿರ್ಧಾರವಾಗುವುದು ಮಳೆಯಲ್ಲಿ. ಬಸಿಗಾಲುವೆ ಕಟ್ಟಿದರೆ ಬೇರು ಕೊಳೆಯುತ್ತದೆ. ಮದ್ದು ಹೊಡೆಯಲು ಎರಡು ದಿನದ ಹೊಳವು ಸಿಗದಿದ್ದರೆ ಎಳೆಯ ಕಾಯಿ ಉದುರುತ್ತದೆ. ಹಾವಸೆ ಕಟ್ಟಿ ಜಾರುವ ಮರವನ್ನು ಆ ಹೊಳವಿನಲ್ಲಿ ಹತ್ತುವವನು ಯಾರು, ಅವನಿಗೆ ಆ ದಿನ ಎಷ್ಟು ಕೂಲಿ, ಬಿದ್ದರೆ ಅವನ ಮನೆಯ ಗತಿಯೇನು ಎಂಬ ಪ್ರಶ್ನೆಗಳೆಲ್ಲ ಮಳೆಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತವೆ. ತುಂಬಿದ ಹಳ್ಳದ ಮೇಲಿನ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳನ್ನು ಕಾಣದವನು ಅರಣ್ಯದಂಚಿನ ಬದುಕಿನ ಮೇಲೆ ಪ್ರಬಂಧ ಬರೆಯಬಾರದೆಂದೇನಲ್ಲ, ಬರೆದರೆ ಅದು ಅರ್ಧ ಪ್ರಬಂಧ.

ಎರಡು-ಮೂರು ವಾರದಲ್ಲಿ ಹೊರಗಿನವರಿಗೆ ಏನು ತಿಳಿದೀತು ಎಂಬ ಕೊಂಕೂ ಇದೆ. ನ್ಯಾಯವಾದ ಕೊಂಕೇ. ಆದರೆ ಹೊರಗಿನವರು ಎಂಬ ಕಾರಣಕ್ಕೇ ತಳ್ಳಿಹಾಕುವ ಹಕ್ಕು ಉಳಿದ ಊರುಗಳಿಗಿಂತ ಈ ಸೀಮೆಗೆ ಕಡಿಮೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೊದಲು ಕೈಹಾಕಿದ ಕೆಲಸಗಳಲ್ಲಿ ಅಡಿಕೆಯ ಕೊಳೆರೋಗವೂ ಒಂದು. 1910ರಲ್ಲಿ ಆತ ಅದರ ಮೇಲೆ ಪ್ರಕಟಿಸಿದ ವರದಿ ಕೊಳೆಗೆ ಕಾರಣವಾದ ಶಿಲೀಂಧ್ರದಂಥ ರೋಗಾಣುವನ್ನು ಗುರುತಿಸಿತು. ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ತೋಟಕ್ಕೆ ಇಳಿದದ್ದು ಆತನಿಂದ. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸುವ ಉಪಾಯವನ್ನೂ ಬಳಕೆಗೆ ತಂದ. ಬೋರ್ಡೋ ಕೂಡ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ಫ್ರಾನ್ಸಿನ ರೈತರು ದಾರಿಯಂಚಿನ ಬಳ್ಳಿಗಳಿಗೆ ಬಳಿಯುತ್ತಿದ್ದ ತಾಮ್ರದ ನೀರು ಅದು. ಅಂಥ ಬಳ್ಳಿಗಳಿಗೆ ರೋಗ ತಗಲಿಲ್ಲ ಎಂಬುದನ್ನು ಗಮನಿಸಿ 1885ರಲ್ಲಿ ಅಲ್ಲಿನ ವಿಜ್ಞಾನಿ ಮಿಲ್ಲಾರ್ಡೆ ಅದಕ್ಕೆ ಶಾಸ್ತ್ರದ ರೂಪ ಕೊಟ್ಟರು. ಇಲ್ಲಿಯೂ ಕೋಲ್ಮನ್ ಬರಿಗೈಯ ರೈತರನ್ನು ಕಾಣಲಿಲ್ಲ. ಅಡಿಕೆಯ ಕೊನೆಗಳಿಗೆ ಮಳೆಗಾಲಕ್ಕೆ ಮುಂಚೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ನೀರು ಬೀಳದಂತೆ ಕಾಪಾಡುವ ಪದ್ಧತಿ ಮೊದಲೇ ಇತ್ತು. ನೀರು ತಾಗದಿದ್ದರೆ ಕೊಳೆ ಬಾರದು ಎಂದು ಕೊಟ್ಟೆ ಕಟ್ಟುವವನಿಗೆ ಗೊತ್ತಿತ್ತು, ಯಾಕೆ ಬಾರದು ಎಂಬುದು ಸೂಕ್ಷ್ಮದರ್ಶಕಕ್ಕೆ ಗೊತ್ತಾಯಿತು.

ಕಾಫಿಯ ಕತೆಯೂ ಇದೇ ಸೀಮೆಯದು. ದೇಶದ ವ್ಯವಸ್ಥಿತ ಕಾಫಿ ಸಂಶೋಧನೆ 1915ರಲ್ಲಿ ಕೊಪ್ಪದ ತಾತ್ಕಾಲಿಕ ಕೇಂದ್ರದಿಂದ ಶುರುವಾಯಿತು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ನೆಲೆಯೂರಿತು. ಎಲೆ ತುಕ್ಕು ರೋಗವನ್ನು ತಡೆದುಕೊಳ್ಳುವ ಗಿಡ ಹುಡುಕುವುದೇ ಆಗಿನ ದೊಡ್ಡ ಚಿಂತೆ. ಅಲ್ಲಿ ರೂಪುಗೊಂಡ ಎಸ್.795 ತಳಿಯ ಒಂದು ಪೋಷಕ ಗಿಡ ಕೆಂಟ್ಸ್. ಚಿಕ್ಕಮಗಳೂರು ಸೀಮೆಯ ತೋಟಗಾರನೊಬ್ಬ ತನ್ನ ತೋಟದಲ್ಲೇ ಕಂಡು ಆರಿಸಿ ಬೆಳೆಸಿದ ತಳಿ ಅದು. ಹೊರಗಿನವನಾದರೂ ಕೋಲ್ಮನ್ ಬೇಸಿಗೆಗೆ ಬಂದು ಹೋದವನಲ್ಲ. ಸುಮಾರು ಕಾಲು ಶತಮಾನ ಸಂಸ್ಥಾನದಲ್ಲೇ ದುಡಿದ. ಬೇಸಿಗೆ ಶಾಲೆಗಳ ಬಗ್ಗೆ ನನ್ನ ತಕರಾರು ಹೊರಗಿನವರದಲ್ಲ, ಅವಧಿಯದೂ ಪೂರ್ತಿಯಾಗಿ ಅಲ್ಲ. ಅವರಿಗೆ ನಾವು ಏನು ತೋರಿಸುತ್ತೇವೆ ಎಂಬುದರದು.

ನಾವು ತೋರಿಸುವುದು ಮಾದರಿ ತೋಟ. ನಾಲ್ಕು ಅಂತಸ್ತಿನ ಹಸಿರು: ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ-ಕಾಫಿ, ಕೆಳಗೆ ಏಲಕ್ಕಿ. ಒಂದು ಹನಿ ನೀರು, ಒಂದು ಕಿರಣ ಬಿಸಿಲು ದಂಡವಾಗದ ವ್ಯವಸ್ಥೆ, ನಮ್ಮ ಹಿರಿಯರು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡ ಸುಸ್ಥಿರ ಕೃಷಿ ಎಂದು ವಿವರಿಸುತ್ತೇವೆ. ಕೇಳುವವರು ಬರೆದುಕೊಳ್ಳುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ತೋಟ ಸುಂದರವಾಗಿರುವುದು ನಿಜ. ಅದು ತನ್ನ ಕಾಲ ಮೇಲೆ ತಾನೇ ನಿಂತಿದೆ ಎಂಬ ಭಾಗ ಮಾತ್ರ ಸುಳ್ಳು.

ಅಡಿಕೆ ತೋಟವನ್ನು ಹೊತ್ತದ್ದು ಬೆಟ್ಟ. ದನದ ಕೊಟ್ಟಿಗೆಗೆ ಹಾಸುವ ಹಸಿಸೊಪ್ಪು ಬೆಟ್ಟದಿಂದ ಬರಬೇಕು, ಬೇಸಿಗೆಯಲ್ಲಿ ದರಗು ಬೆಟ್ಟದಿಂದ ಬರಬೇಕು. ಅದು ಸೆಗಣಿ-ಗಂಜಲದಲ್ಲಿ ಕೂಡಿ ಗೊಬ್ಬರವಾಗಿ ಅಡಿಕೆಯ ಬುಡ ಸೇರಬೇಕು. ದನ ಮೇಯುವುದು ಅಲ್ಲೇ. ಹಸಿಯಡಿಕೆ ಸುಲಿದು ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುವುದಕ್ಕೆ ರಾಶಿಗಟ್ಟಲೆ ಕಟ್ಟಿಗೆ ಬೇಕು, ಚಪ್ಪರಕ್ಕೆ ಗಳ ಬೇಕು. ತೋಟಕ್ಕೆ ಹರಿದು ಬರುವ ನೀರಿನ ಒರತೆಯೂ ಮೇಲಿನ ಕಾಡಿನ ಬುಡದ್ದೇ. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕವನ್ನು ಬ್ರಿಟಿಷ್ ಸರ್ಕಾರವೇ ಒಪ್ಪಿತ್ತು. ನಮ್ಮ ಕಡೆ ಅಳತೆ ಬೇರೆ ಇರಬಹುದು, ತತ್ವ ಅದೇ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಕಲಮಿನಲ್ಲಿ ಸೊಪ್ಪಿನಬೆಟ್ಟ, ಕುಮ್ಕಿ, ಬಾಣೆ, ಕಾನೆ ಎಂಬ ಹೆಸರುಗಳೆಲ್ಲ ಸಾಲಾಗಿ ಕೂತಿವೆ. ಸರ್ಕಾರ ಕೂಡ ಒಪ್ಪಿಕೊಂಡ ವಿಷಯ ಇದು: ಇಲ್ಲಿ ತೋಟ ಎಂದರೆ ಬೇಲಿಯೊಳಗಿನ ಜಾಗ ಮಾತ್ರ ಅಲ್ಲ.

ಹಾಗಿದ್ದ ಮೇಲೆ ಎಕರೆಗೆ ಇಷ್ಟು ಕ್ವಿಂಟಲ್ ಎಂದು ಹೇಳುವಾಗ ಯಾವ ಎಕರೆ? ಬೆಟ್ಟವನ್ನೂ ಸೇರಿಸಿದರೆ ಇಳುವರಿ ಹತ್ತನೇ ಒಂದಕ್ಕೆ ಇಳಿಯಬಹುದು. ಹಾಗೆಂದು ಅದು ಕೆಟ್ಟ ಕೃಷಿಯಾಗುವುದಿಲ್ಲ. ಬೆಟ್ಟ ಸೊಪ್ಪು ಕೊಟ್ಟೂ ಕಾಡಾಗಿಯೇ ಉಳಿದಿದ್ದರೆ ಅದು ಯಾವ ಲೆಕ್ಕದಲ್ಲೂ ದೊಡ್ಡ ಸಾಧನೆ. ಹಾಗೆ ಉಳಿದ ಕಡೆಗಳೂ ಇವೆ. ಕಂದಾಯ ಭೂಮಿ ಬೋಳಾದ ಕಡೆಯೂ ಸೊಪ್ಪಿನಬೆಟ್ಟದಲ್ಲಿ ಮತ್ತಿ, ನೇರಳೆ, ಹೊನ್ನೆ ನಿಂತಿರುವುದನ್ನು ತೋರಿಸುವವರ ಮಾತಿಗೆ ನಾನು ತಲೆಬಾಗುತ್ತೇನೆ. ಕಡಿದು ಕಡಿದು ಬೊಡ್ಡೆಯಷ್ಟೇ ಉಳಿದು, ಆಮೇಲೆ ಮೆಲ್ಲಗೆ ಕಾಫಿ ನೆಟ್ಟು ತೋಟಕ್ಕೇ ಸೇರಿದ ಬೆಟ್ಟಗಳೂ ಅಷ್ಟೇ ನಿಜ. ಈ ಲೆಕ್ಕದ ಇನ್ನೊಂದು ಅಂಕಣವನ್ನು ನಾವು ಅತಿಥಿಗಳೆದುರು ತೆರೆಯುವುದೇ ಇಲ್ಲ. ಬೆಟ್ಟದ ಸೌಲಭ್ಯ ತೋಟ ಇದ್ದವರಿಗೆ. ಸೊಪ್ಪಿನ ಹೊರೆ ಹೊತ್ತವರಿಗೆ ತೋಟವೇ ಇರಲಿಲ್ಲ. ಅವರ ದುಡಿಮೆಯನ್ನು ನ್ಯಾಯವಾದ ಕೂಲಿಗೆ ಲೆಕ್ಕ ಹಾಕಿದ್ದರೆ ನಮ್ಮ ಹಿರಿಯರ ಸುಸ್ಥಿರ ಕೃಷಿ ಎಷ್ಟು ತಲೆಮಾರು ನಿಲ್ಲುತ್ತಿತ್ತು? ಈಗ ಹೊರೆ ಹೊರುವವರು ಸಿಗುತ್ತಿಲ್ಲ. ಸಿಗದ ಕೂಡಲೇ ಪದ್ಧತಿಯೂ ನಿಂತಿತು, ಕೊಟ್ಟಿಗೆ ಖಾಲಿಯಾಯಿತು, ಗೊಬ್ಬರ ಲಾರಿಯಲ್ಲಿ ಬಯಲುಸೀಮೆಯಿಂದ ಬರುತ್ತಿದೆ. ಉತ್ತರ ಇಲ್ಲೇ ಇದೆ.

ಕೆರೆಕಟ್ಟೆ ಈ ಲೆಕ್ಕಕ್ಕೆ ಒಳ್ಳೆಯ ತರಗತಿ, ಯಾಕೆಂದರೆ ಅಲ್ಲಿ ಬೆಟ್ಟ ಮತ್ತು ತೋಟದ ನಂಟನ್ನು ಕಾನೂನೇ ಕಡಿದಿದೆ. ಅಲ್ಲಿಯ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರದ್ದು, ಅಂತಿಮ ಅಧಿಸೂಚನೆ 2001ರದ್ದು. ಸುಮಾರು 600 ಚದರ ಕಿಲೋಮೀಟರ್. 2012ರಿಂದ ಅದು ವಿಶ್ವ ಪರಂಪರೆಯ ತಾಣದ ಭಾಗವೂ ಹೌದು. ಸಿಂಗಳೀಕಗಳಿಗೆ ಆದ ಉಪಕಾರವನ್ನು ನಾನು ಕಡೆಗಣಿಸಲಾರೆ. ಆದರೆ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ, ಸೊಪ್ಪು-ಕಟ್ಟಿಗೆ ತರುವಂತಿಲ್ಲ ಎಂದ ಮೇಲೆ ಅಂಚಿನ ಅಡಿಕೆ ತೋಟ ರಸಗೊಬ್ಬರದ ಅಂಗಡಿಯ ಸಾಲಗಾರನಾಯಿತು. ಪರಿಹಾರ ಪಡೆದು ಹೋದವರಿದ್ದಾರೆ, ಪರಿಹಾರಕ್ಕೆ ಕಾದು ಕೂತವರಿದ್ದಾರೆ, ಏನು ಕೊಟ್ಟರೂ ಹೋಗೆವು ಎನ್ನುವವರಿದ್ದಾರೆ. ಮಲೆಕುಡಿಯ, ಗೌಡ್ಲು ಮನೆಗಳು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ಪಕ್ಕದ ಮನೆಯವರು ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷದ, ಸಾಕ್ಷ್ಯ ತರಬೇಕು. ಮಳೆಯಲ್ಲಿ ಗೋಡೆಯೇ ನಿಲ್ಲದ ಊರಿನಲ್ಲಿ 75 ವರ್ಷದ ಕಾಗದ! ಇದೇ ಕಾಡಿನ ಹಾದಿಗಳಲ್ಲಿ ಎರಡು ದಶಕ ನಕ್ಸಲರು, ಪೊಲೀಸರು ಓಡಾಡಿದರು. ಉಳಿದವರು 2025ರ ಜನವರಿ-ಫೆಬ್ರವರಿಯಲ್ಲಿ ಶರಣಾದ ಮೇಲೆ ಆ ಅಧ್ಯಾಯ ಮುಗಿಯಿತು ಎನ್ನುತ್ತಾರೆ. ಸುಸ್ಥಿರತೆಯ ಪಠ್ಯದಲ್ಲಿ ಇದಕ್ಕೂ ಒಂದು ಪುಟ ಬೇಕು.

ಸುಸ್ಥಿರತೆ ಎಂಬ ವಿಚಾರವೇ ಎಲ್ಲಿಂದ ಬಂತು ಎಂಬುದು ಬರುವ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ, ನಮಗೆ ಅಷ್ಟು ಗೊತ್ತಿಲ್ಲ. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತ ಕಾಡು ಬೆಳೆಸುವ ವಿದ್ಯೆಯ ಮೇಲೆ ಬರೆದ ಗ್ರಂಥದಿಂದ. ಆತ ಋಷಿಯೂ ಅಲ್ಲ, ರೈತನೂ ಅಲ್ಲ, ಗಣಿ ಆಡಳಿತದ ಅಧಿಕಾರಿ. ಬೆಳ್ಳಿಯ ಅದಿರು ಕರಗಿಸಲು ಮರ ಸಾಲದಾಗುತ್ತಿತ್ತು. ಬೆಳೆದಷ್ಟೇ ಕಡಿಯಿರಿ ಎಂಬ ಆತನ ಮಾತಿನ ಹಿಂದಿದ್ದದ್ದು ಗಣಿ ನಿಲ್ಲದಿರಲಿ ಎಂಬ ಕಾಳಜಿ. ಜರ್ಮನಿಯವನೇ ಆದ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಮೇಲೆ ಆ ಶಾಸ್ತ್ರ ಇಲ್ಲಿಯ ಕಾಡುಗಳಿಗೂ ಬಂತು. ಆಮೇಲೆ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. 1923ರಲ್ಲಿ ಉರಿ ಹೊತ್ತಿದ ಅದರ ಕುಲುಮೆಗೆ ಬೇಕಾದದ್ದು ಇದ್ದಿಲು. ಇದ್ದಿಲು ಎಂದರೆ ಮಲೆನಾಡಿನ ಮರ. ಸ್ಯಾಕ್ಸನಿಯಲ್ಲಿ ಬೆಳ್ಳಿಗೆ ಆದದ್ದೇ ಇಲ್ಲಿ ಕಬ್ಬಿಣಕ್ಕಾಯಿತು. ನಮ್ಮ ಹೆಮ್ಮೆಯ ಕಾರ್ಖಾನೆ ಅದು, ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ. ಅದರ ಖರ್ಚಿನ ಪುಸ್ತಕದಲ್ಲಿ ಕಾಡು ಎಷ್ಟೆಂದು ಬರೆದಿತ್ತು ಎಂದು ಕೇಳುವುದರಲ್ಲೂ ತಪ್ಪಿಲ್ಲ. ಕೆರೆಕಟ್ಟೆಯಿಂದ ಮುಂದೆ ಎಸ್.ಕೆ. ಬಾರ್ಡರ್ ಎಂಬ ಗಡಿ ದಾಟಿ ಕುದುರೆಮುಖದ ರಸ್ತೆ ಹಿಡಿದರೆ ಎರಡನೇ ಪಾಠ ಸಿಗುತ್ತದೆ. 1976ರಲ್ಲಿ ಹುಟ್ಟಿದ ಕಬ್ಬಿಣದ ಅದಿರು ಕಂಪನಿ ಸುಪ್ರೀಂ ಕೋರ್ಟಿನ 2002ರ ಆದೇಶದ ಮೇರೆಗೆ 2005ರ ಕೊನೆಗೆ ಗಣಿ ನಿಲ್ಲಿಸಿತು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಇನ್ನೂ ಮಲಗಿದೆ.

ಅರಣ್ಯ ಇಲಾಖೆಯ ಸುಸ್ಥಿರ ಅರಣ್ಯವೂ ಇಲ್ಲಿ ಬಹುಕಾಲ ಅಕೇಶಿಯಾ, ನೀಲಗಿರಿ, ತೇಗದ ನೆಡುತೋಪು ಎಂದೇ ಆಗಿತ್ತು. ಪಕ್ಕದ ಶಿವಮೊಗ್ಗದಲ್ಲಿ ಕಾಗದದ ಕಾರ್ಖಾನೆಗೆ ಕೊಟ್ಟ ಅಕೇಶಿಯಾ ತೋಪುಗಳ ವಿರುದ್ಧ ಜನ ಬೀದಿಗಿಳಿದದ್ದು ಈಚಿನ ಮಾತು. ಜರ್ಮನಿಯಲ್ಲೂ ಸಾಲಾಗಿ ಒಂದೇ ಜಾತಿಯ ಸ್ಪ್ರೂಸ್ ಮರ ನೆಟ್ಟ ಬೆಟ್ಟಗಳು 2018ರ ಬರಗಾಲದ ನಂತರ ತೊಗಟೆ ಹುಳುವಿಗೆ ಸಿಕ್ಕಿ ಬೂದುಬಣ್ಣಕ್ಕೆ ತಿರುಗಿದವು. ಆ ಬೆಟ್ಟ ನೋಡಿ ಬಂದ ವಿದ್ಯಾರ್ಥಿಗೆ ಶೃಂಗೇರಿಯ ಹಳದಿ ಎಲೆ ರೋಗದ ತೋಟ ತೋರಿಸಿ. ದಶಕಗಳಿಂದ ಔಷಧಿಯಿಲ್ಲದೆ ತೋಟಗಳು ಒಂದೊಂದಾಗಿ ಹಳದಿಗಟ್ಟಿದ ಸೀಮೆ ಇದು. ಊರಲ್ಲೇ ಅಡಿಕೆ ಸಂಶೋಧನಾ ಕೇಂದ್ರವಿದ್ದೂ ರೋಗ ಹಿಂದೆ ಸರಿದಿಲ್ಲ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ನಮ್ಮ ಮಾದರಿ ತೋಟಕ್ಕಿಂತ ಈ ಸೋತ ತೋಟದಲ್ಲಿ ಇಬ್ಬರಿಗೂ ಮಾತಾಡಲು ಹೆಚ್ಚು ವಿಷಯವಿದೆ.

ಹೊರಗಿನವರೂ ಒಳಗಿನವರೂ ಕೂಡಿ ಲೆಕ್ಕ ಬಿಡಿಸಿದರೆ ಏನು ಸಿಗುತ್ತದೆಂಬುದಕ್ಕೆ ಕೊಡಗು ಸಾಕ್ಷಿ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಪುದುಚೇರಿಯ ಫ್ರೆಂಚ್ ಸಂಸ್ಥೆ, ಜೂರಿಕ್‌ನ ಸಂಶೋಧಕರು ಅಲ್ಲಿಯ ಕಾಫಿ ತೋಟಗಳನ್ನು ವರ್ಷಗಟ್ಟಲೆ ನೋಡಿದರು. ಹೂಮಳೆಯ ನಂತರ ರೊಬಸ್ಟಾ ಕಾಯಿಕಟ್ಟುವುದರಲ್ಲಿ ಪಕ್ಕದ ದೇವರಕಾಡಿನ ಹೆಜ್ಜೇನಿನ ಪಾಲೆಷ್ಟು ಎಂಬುದನ್ನು ಅಳೆದರು. ಕಾಡು ತೋಟಕ್ಕೆ ಕೊಡುವ ಸಂಬಳವಿಲ್ಲದ ದುಡಿಮೆ ಹೀಗೆ ಲೆಕ್ಕಕ್ಕೆ ಬಂತು. ನಾಡಮರದ ನೆರಳು ಹೋಗಿ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಯಾಕೆ ತುಂಬಿತು ಎಂಬುದಕ್ಕೆ ಸಿಕ್ಕಿದ ಉತ್ತರ ಇನ್ನೂ ಚುರುಕು. ಬೆಳೆಗಾರನ ಅಜ್ಞಾನವಲ್ಲ ಅದು. ತಾನಾಗಿ ಬೆಳೆದ ನಾಡಮರದ ಹಕ್ಕು ಹಲವು ಕಡೆ ಸರ್ಕಾರದ್ದು, ಕಡಿಯಲು ಅನುಮತಿಗೆ ಅಲೆಯಬೇಕು. ಸಿಲ್ವರ್ ಓಕ್‌ಗೆ ಆ ರಗಳೆಯಿಲ್ಲ. ಕೊಪ್ಪದ ಬೆಳೆಗಾರನಿಗೂ 1976ರ ಮರ ಸಂರಕ್ಷಣಾ ಕಾಯ್ದೆ ಇದೇ ಪಾಠ ಕಲಿಸಿದೆ. ಹೊನ್ನೆ ಬೆಳೆಸಿದವನು ಕಚೇರಿಗೆ ಅಲೆಯುತ್ತಾನೆ, ಸಿಲ್ವರ್ ಓಕ್ ನೆಟ್ಟವನು ಮಗಳ ಮದುವೆಗೆ ಕಡಿಯುತ್ತಾನೆ. ಜರ್ಮನಿಯ ಕಾಡಿನಲ್ಲಿ ಸುಮಾರು ಅರ್ಧ ಖಾಸಗಿಯವರದು, ಸುಮಾರು ಐದನೇ ಒಂದು ಭಾಗ ಊರು-ಪಟ್ಟಣಗಳಂಥ ಸ್ಥಳೀಯ ಸಂಸ್ಥೆಗಳದು. ಹಾಗಾಗಿ ಅಲ್ಲಿಂದ ಬಂದ ಹುಡುಗಿಯೊಬ್ಬಳು ನಿಮ್ಮ ಊರಿನ ಕಾಡಿನ ಆದಾಯ ಪಂಚಾಯಿತಿಗೆ ಎಷ್ಟು ಬರುತ್ತದೆ ಎಂದು ಕೇಳಿದರೆ ಅದು ಮುಗ್ಧ ಪ್ರಶ್ನೆಯೇ. ಆದರೆ ನಮ್ಮಲ್ಲಿ ಯಾವ ಶಾಲೆಯೂ ಅದನ್ನು ಕೇಳಿಸಿಲ್ಲ.

ಅವರು ಕೇಳುವ ಇನ್ನೂ ಕೆಲವು ಪ್ರಶ್ನೆಗಳು ನಮಗೆ ಹಿತವಾಗಿರಲಾರವು. ಒಂದು ಶತಮಾನದಿಂದ ಸುರಿದ ಮೈಲುತುತ್ತಿನ ತಾಮ್ರ ಮಣ್ಣಿನಲ್ಲಿ ಎಷ್ಟು ಸೇರಿದೆ? ಯುರೋಪಿನ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಎಂದು ಮಿತಿ ಹಾಕಿದೆ. ನಮ್ಮಲ್ಲಿ ತೋಟದಿಂದ ತೋಟಕ್ಕೆ ಅಳೆದವರೆಷ್ಟು? ಮತ್ತೆ, ಈ ಬೆಳೆ ಎಲ್ಲಿಗೆ ಹೋಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ರಾಜ್ಯವೇ 2013ರಲ್ಲಿ ಗುಟ್ಕಾ ನಿಷೇಧಿಸಿದೆ. ಎಲೆಯಡಿಕೆಯ ಸಂಸ್ಕೃತಿಯ ಬಗ್ಗೆ ನಾವು ಕೊಡುವ ಉಪನ್ಯಾಸ ಇದಕ್ಕೆ ಪೂರ್ತಿ ಉತ್ತರವಾಗದು. ಅಡಿಕೆಯ ದುಡ್ಡಿನಲ್ಲೇ ಈ ಸೀಮೆಯ ಮಕ್ಕಳು ಓದಿದ್ದು, ಅದನ್ನು ಬಿಡಿ ಎಂದು ಸಲೀಸಾಗಿ ಹೇಳುವವನೂ ಉತ್ತರ ಕೊಟ್ಟಂತಾಗದು. ಸಿಟ್ಟಾಗದೆ ಕೂತು ಮಾತಾಡುವ ಅಭ್ಯಾಸ ನಮಗೆ ಈ ವಿಷಯದಲ್ಲಿ ಇನ್ನೂ ಆಗಿಲ್ಲ. ಹೊರಗಿನವರ ಮುಂದಾದರೂ ಶುರುವಾಗಲಿ.

ಕೆಲವು ಷರತ್ತುಗಳನ್ನು ಮಾತ್ರ ನಾನು ಬಿಡಲಾರೆ. ಪಾಠ ಹೇಳುವವರ ಪಟ್ಟಿಯಲ್ಲಿ ಪ್ರಾಧ್ಯಾಪಕರ ಜೊತೆ ಒಬ್ಬ ಕೊನೆಗಾರ, ಸೊಪ್ಪು ಕಡಿದು ಬಲ್ಲ ಒಬ್ಬ ಹೆಂಗಸು, ಹಳದಿ ರೋಗಕ್ಕೆ ತೋಟ ಕಳೆದುಕೊಂಡ ಒಬ್ಬ ರೈತ, ಒಬ್ಬ ಅರಣ್ಯ ರಕ್ಷಕ ಇರಬೇಕು. ಶಾಲು ಹೊದಿಸಿ ಕಳಿಸುವುದಲ್ಲ, ಪ್ರಾಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ ಕೊಡಬೇಕು. ಅರ್ಧದಷ್ಟು ಸೀಟು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಲೇಜು ಮಕ್ಕಳಿಗೆ, ಶುಲ್ಕವಿಲ್ಲದೆ. ತಮ್ಮ ಮನೆಯ ಹಿಂದಿನ ಕಾಡಿಗೆ ತಾವೇ ಹೊರಗಿನವರಾಗಿ ಬೆಳೆದ ತಲೆಮಾರು ಇದು, ಬೆಂಗಳೂರಿನ ಬಸ್ಸಿನ ವೇಳೆ ಗೊತ್ತು, ಮತ್ತಿಗೂ ಹೊನ್ನೆಗೂ ವ್ಯತ್ಯಾಸ ಗೊತ್ತಿಲ್ಲ. ಅವರನ್ನು ದೂರುವಂತೆಯೂ ಇಲ್ಲ, ಕಾಡಿಗೆ ಕಾಲಿಟ್ಟರೆ ಕೇಸು ಎಂದು ಹೆದರಿಸಿ ಬೆಳೆಸಿದವರು ನಾವೇ.

ಕೊನೆಯ ದಿನದ ವರದಿ ಇಂಗ್ಲಿಷಿನಲ್ಲಿ ವಿಮಾನ ಹತ್ತುವ ಮೊದಲು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಿಸಬೇಕು. ಒಂದು ಎಕರೆ ತೋಟಕ್ಕೆ ಎಷ್ಟು ಬೆಟ್ಟ, ಎಷ್ಟು ಹೊರೆ, ಎಷ್ಟು ತಾಮ್ರ, ಯಾರ ಕೂಲಿ ಎಂಬ ಅಂಕಿಗಳು ಅದರಲ್ಲಿರಲಿ. ಪಂಚಾಯಿತಿಯ ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಓದಿದ್ದು ಅರ್ಧ ಕೇಳಿಸದೇ ಹೋಗಬಹುದು, ಹಿಂದಿನ ಸಾಲಿನಲ್ಲಿ ಕೂತವರು ಇನ್ನೊಮ್ಮೆ ಓದಿ ಎನ್ನಬಹುದು. ನಮ್ಮ ಮನೆಯ ಬೆಟ್ಟದ ಲೆಕ್ಕ ತಪ್ಪಾಗಿದೆ ಎಂದು ಒಬ್ಬರು, ಬೆಟ್ಟವೇ ನಿಮ್ಮದಲ್ಲ ಎಂದು ಇಲಾಖೆಯವರು, ಹೊರೆ ಹೊತ್ತದ್ದು ನಾವು, ನಮ್ಮನ್ನು ಯಾರೂ ಕೇಳಲೇ ಇಲ್ಲ ಎಂದು ಇನ್ನೊಬ್ಬರು ಎದ್ದು ನಿಲ್ಲುವುದು ಖಂಡಿತ. ಆ ತಕರಾರುಗಳನ್ನೂ ಹೆಸರು-ಸಹಿ ಸಮೇತ ಬರೆಸಿಕೊಂಡು ವರದಿಯ ಜೊತೆಗೇ ಲಗತ್ತಿಸಿ ಕಳಿಸಲಿ, ಅಂಕ ಕೊಡುವ ಪ್ರಾಧ್ಯಾಪಕರು ಅದನ್ನೂ ಓದಲಿ.